ತಂಗಿ ಸೇರಿಸಿದ ಲೈಬ್ರರಿ

ಅಕ್ಕ, ತಂಗಿ ಇಬ್ಬರೂ ಒಂದೇ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಅಕ್ಕ ಹಳಬಳು. ಬೆರಳಿಗೆ ಸೆನ್ಸರ್ ಸಿಕ್ಕಿಸಿದರೆ ನಾಡಿಬಡಿತ ಪರದೆಯ ಮೇಲೆ ಗೆರೆಯಾಗಿ ಓಡಬೇಕು. ಅದಕ್ಕೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇಬ್ಬರೂ ಒಂದೊಂದು ಸ್ಕೆಚ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆಯುತ್ತಿದ್ದರು. ಗೆರೆಯನ್ನು ನಡುಗಿಸುವ ಕರೆಂಟಿನ ಗದ್ದಲವನ್ನು ಸೋಸಲು ಅಕ್ಕ ಇಡೀ ರಜೆ ಕೂತು ಒಂದೊಂದು ಸಾಲನ್ನೂ ತಾನೇ ಬರೆದಿದ್ದಳು. ತಂಗಿ ಒಂದು ಮಧ್ಯಾಹ್ನ ಅದೇ ಕೆಲಸಕ್ಕೆ ಯಾರೋ ಬರೆದಿಟ್ಟ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಇಂಟರ್ನೆಟ್ಟಿನಿಂದ ಇಳಿಸಿಕೊಂಡು ತನ್ನ ಸ್ಕೆಚ್ಚಿಗೆ ಸೇರಿಸಿದಳು. ಗೆರೆ ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ನುಣ್ಣಗಾಯಿತು.

"ಯಾರೋ ಮಾಡಿಟ್ಟ ಅಡುಗೆ. ಬಡಿಸೋಕೇನು ಕಷ್ಟ," ಎಂದಳು ಅಕ್ಕ.

"ಬಡಿಸೋಕೂ ಕೈ ಬೇಕಲ್ವಾ ಅಕ್ಕಾ? ನೀನಿನ್ನೂ ಒಲೆ ಊದ್ತಾ ಕೂತಿದೀಯ."

ವಿಭಾಗದ ಮೇಡಮ್ ಕಾಲೇಜಿನ ಪ್ರದರ್ಶನಕ್ಕೆ ತಂಗಿಯದನ್ನೇ ಆರಿಸಿದರು. ಮನೆಯಲ್ಲಿ ಅಮ್ಮ, "ಚಿಕ್ಕವಳು ಚುರುಕು ಬಿಡು," ಎನ್ನುತ್ತ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅಕ್ಕನ ತಟ್ಟೆಗೂ ಬಡಿಸಿದಳು. ಅಕ್ಕನಿಗೆ ಕಂಡಿದ್ದು ತಂಗಿಗೆ ಬಡಿಸಿದ್ದು ಮಾತ್ರ.

ಪ್ರದರ್ಶನದ ಬೆಳಿಗ್ಗೆ ತಂಗಿ ಸ್ಕೆಚ್ಚನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವಾಗ ಅಕ್ಕ ಹಿಂದೆಯೇ ನಿಂತಿದ್ದಳು. ಲೈಬ್ರರಿ ಸ್ಕೆಚ್ಚಿನ ಫೋಲ್ಡರಿನೊಳಗೆ ಇರಲಿಲ್ಲ. ತಂಗಿಯ ಕಂಪ್ಯೂಟರಿನಲ್ಲಿ ಬೇರೆಲ್ಲೋ ಕೂತಿತ್ತು. ಸ್ಕೆಚ್ ಮಾತ್ರ ಹೋದರೆ ಸಭಾಂಗಣದ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಹೇಳಲು ಒಂದು ಮಾತು ಸಾಕಿತ್ತು.

"ಬೇಗ ಹೊರಡು, ಹೊತ್ತಾಯ್ತು," ಎಂದಳು ಅಕ್ಕ.

ಸಭಾಂಗಣದಲ್ಲಿ ಗೆರೆ ಬರಬೇಕಾದಲ್ಲಿ ಕೆಂಪು ಅಕ್ಷರಗಳು ಬಂದವು: ಲೈಬ್ರರಿ ಸಿಗುತ್ತಿಲ್ಲ. ತಂಗಿ ಮತ್ತೆ ಮತ್ತೆ ಒತ್ತಿದಳು. ಮೇಡಮ್ ಗಡಿಯಾರ ನೋಡಿದರು. ಆಗ ಅಕ್ಕ ಎದ್ದು ಹೋಗಿ ತನ್ನ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು. ಅವಳ ಸ್ಕೆಚ್ಚಿಗೆ ಯಾರ ಹಂಗೂ ಇರಲಿಲ್ಲ. ಸೆನ್ಸರ್ ಇನ್ನೂ ತಂಗಿಯ ಬೆರಳಲ್ಲೇ ಇತ್ತು. ಅವಳ ಎದೆಬಡಿತವೇ ಪರದೆ ತುಂಬ ಓಡಿತು, ಕೊಂಚ ಒರಟಾಗಿ, ಬಹಳ ಬೇಗ ಬೇಗ.

"ಇದೇ ಇರಲಿ," ಎಂದರು ಮೇಡಮ್.

"ನಮ್ಮಕ್ಕ ಬರೆದಿದ್ದು," ಎಂದು ತಂಗಿ ಮುಂದಿನ ಸಾಲಿನವರಿಗೆಲ್ಲ ಕೇಳುವಂತೆ ಹೇಳಿದಳು. "ಒಂದು ಸಾಲೂ ಬೇರೆಯವರದ್ದಲ್ಲ. ರಜೆಯೆಲ್ಲಾ ಇದಕ್ಕೇ ಸುರಿದಿದಾಳೆ."

ಅವಳ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು, ಗೆದ್ದವಳು ತಾನೇ ಎಂಬ ಹಾಗೆ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಅವರತ್ತ ತಿರುಗಲಿಲ್ಲ. ಸೋತು ನಿಂತಾಗಲೂ ಇವಳಿಗೆ ಹೀಗೆ ನಗಲು ಬರುತ್ತದಲ್ಲ ಎಂದುಕೊಂಡಳು. ಆ ನಗುವಿನ ಮೇಲೂ ಅಕ್ಕನಿಗೆ ಹೊಟ್ಟೆಕಿಚ್ಚಾಯಿತು.