ಅನುಮೋದಕರ ಸಹಿ

ಮದುವೆಯಾಗಿ ಹಾನಗಲ್ಲಿಗೆ ಬಂದ ನಾಲ್ಕನೆಯ ವರ್ಷ ನನ್ನನ್ನು ಒಂದು ಸಮಿತಿಗೆ ಹಾಕಿದರು. ಎಪ್ಪತ್ತರ ದಶಕದ ಕೊನೆ ಅದು. ನಾನು ಯಾವ ಸೇವೆ ಮಾಡಿದವಳೂ ಅಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ್ದೆ. ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಬರುವ ಕಾಗದಗಳಿಗೆ ಇಂಗ್ಲಿಷಿನಲ್ಲೇ ಉತ್ತರ ಬರೆಯಬಲ್ಲವಳಾಗಿದ್ದೆ. ಅಷ್ಟೇ ಅವರಿಗೆ ಬೇಕಾಗಿತ್ತು.

ಬೆಂಗಳೂರಿನಲ್ಲಿ ಒಂದು ಮಂಡಳಿ. ದುಡ್ಡು ಸರಕಾರದ್ದು, ಆದರೆ ಮಂಡಳಿ ಸರಕಾರದ ಇಲಾಖೆಯಲ್ಲ, ಸ್ವತಂತ್ರ ಸಂಸ್ಥೆ. ಅದರ ಕೆಳಗೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಬಾಲವಾಡಿಗಳನ್ನು ನಡೆಸಲು ಏಳು ಮಂದಿ ಹೆಂಗಸರ ನಮ್ಮ ಸಮಿತಿ. ಶಿಕ್ಷಕಿಯರನ್ನು ನೇಮಿಸುವವರೂ ನಾವೇ, ತೆಗೆಯುವವರೂ ನಾವೇ. ಅಧ್ಯಕ್ಷರು ದೊಡ್ಡ ಅಡತಿ ವ್ಯಾಪಾರದ ಮನೆಯ ಹಿರಿಯ ಸೊಸೆ. ಮೊದಲ ದಿನವೇ ನನಗೆ ಹೇಳಿದ್ದರು: "ಮಾಮಲೇದಾರನೂ ನಮ್ಮನ್ನ ಕೇಳಂಗಿಲ್ಲವಾ ತಂಗಿ. ನಾವು ಬ್ಯಾರೆ." ಮಾಮಲೇದಾರ ಅಂದರೆ ತಹಶೀಲ್ದಾರ.

ತಿಂಗಳಿಗೊಮ್ಮೆ ಸಭೆ ಸೇರಬೇಕು, ಐದು ಜನರಾದರೂ ಹಾಜರಿರಬೇಕು ಎಂದು ನಿಯಮ. ಹಿರೇಕೆರೂರಿನವರಿಗೆ ಬಸ್ಸಿನ ತೊಂದರೆ, ಸವಣೂರಿನವರಿಗೆ ಅತ್ತೆಯ ತೊಂದರೆ. ಹಾಗಾಗಿ ನಮ್ಮಲ್ಲಿ ಸಭೆಯೇ ಮನೆ ಮನೆಗೆ ಬರುತ್ತಿತ್ತು. ಸಮಿತಿಯ ಕಾರಕೂನ ಠರಾವಿನ, ಅಂದರೆ ನಿರ್ಣಯಗಳ, ಪುಸ್ತಕದಲ್ಲಿ ಒಂದು ತಾರೀಖು ಹಾಕಿ, ಆ ದಿನ ಮಧ್ಯಾಹ್ನ ಎರಡಕ್ಕೆ ಎಲ್ಲರೂ ಕೂತು ಚರ್ಚಿಸಿದೆವು ಎಂದು ಬರೆದು, ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಊರೂರು ತಿರುಗಿ ಸಹಿ ತರುತ್ತಿದ್ದ. ಸೂಚಕರು ಯಾವಾಗಲೂ ಅಧ್ಯಕ್ಷರು. ಅನುಮೋದಕರು ಯಾವಾಗಲೂ ನಾನು. "ನಿಮ್ಮ ಸಹಿ ಮುತ್ತು ಪೋಣಿಸಿದಂಗ ಐತ್ರೀ ಬಾಯಾರ" ಅನ್ನುತ್ತಿದ್ದ ಕಾರಕೂನ. ನನಗೆ ಹಿಗ್ಗು.

ಆ ಸಲ ಪುಸ್ತಕ ಬಂದಾಗ ನಾನು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆ. ಕೈ ಒರೆಸಿಕೊಂಡು ಇಳಿದು ಬಂದು ಸಹಿ ಹಾಕಿದೆ. ಪುಟದ ಅಂಚಿನಲ್ಲಿ ಸವಣೂರಿನವರ ಅರಿಶಿನದ ಬೆರಳಚ್ಚು ಮೂಡಿತ್ತು. ಅದನ್ನು ನೋಡಿದ್ದು ಇವತ್ತಿಗೂ ನೆನಪಿದೆ. ಮೇಲೆ ಬರೆದಿದ್ದನ್ನು ಓದಲಿಲ್ಲ.

ಎಂಟು ದಿನಕ್ಕೆ ಬಂಕಾಪುರದ ಬಾಲವಾಡಿ ಶಿಕ್ಷಕಿ ಬಂದಳು. ವಿಧವೆ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಎರಡು ಹೆಣ್ಣುಮಕ್ಕಳೊಂದಿಗೆ ಅಣ್ಣನ ಮನೆಯಲ್ಲಿದ್ದಳು. ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಕಟ್ಟೆಯ ಹತ್ತಿರ ನಿಂತಳು. ಚಹಾ ಕೊಟ್ಟೆ, ಹೊರಗಿನವರಿಗೆಂದು ಇಟ್ಟಿದ್ದ ಕಿವಿ ಮುರಿದ ಕಪ್ಪಿನಲ್ಲಿ.

"ನಾ ಬಾಲವಾಡಿಗೆ ಬರಂಗಿಲ್ಲಂತ ಠರಾವು ಮಾಡಿ ತಗದಾರ್ರಿ. ಅನುಮೋದನೆ ನಿಮ್ಮದೈತ್ರಿ," ಎಂದು ಕಾಗದ ಚಾಚಿದಳು. "ಸಭಾ ಯಾವ ತಾರೀಖಿಗೆ ಆಗೈತಿ ನೋಡ್ರಿ. ಅವತ್ತ ನೀವು ನನ್ನ ಬಾಲವಾಡ್ಯಾಗ ಇದ್ರಿ. ಹುಡುಗರ ಉಗುರು ನೋಡಿದ್ರಿ. ಮೂರರ ಬಸ್ಸಿಗೆ ನಾನ ಹತ್ತಿಸೇನಿ."

ನಿಜ. ಆ ದಿನದ ತಾರೀಖು ಹಾಕಿ ಅವಳ ಭೇಟಿ ಪುಸ್ತಕದಲ್ಲಿ ಬರೆದಿದ್ದೆ: ಮಕ್ಕಳು ಸ್ವಚ್ಛ, ಶಿಕ್ಷಕಿ ಪ್ರೀತಿಯವಳು.

"ಪಗಾರ ನಿಂತ್ರ ಅಣ್ಣ ಮನ್ಯಾಗ ಇಟಗೊಳ್ಳಂಗಿಲ್ರಿ," ಎಂದಳು. ಅಳಲಿಲ್ಲ.

ನಾನು ಅಧ್ಯಕ್ಷರ ಮನೆಗೆ ಹೋದೆ. ಅವರು ಮೊರದಲ್ಲಿ ಶೇಂಗಾ ಆರಿಸುತ್ತಿದ್ದರು.

"ಅಕ್ಕಾರ, ಅವತ್ತ ಸಭಾನ ಆಗಿಲ್ಲಲ್ರಿ."

"ಹಂಗಾರ ಮೂರು ವರ್ಷದಿಂದ ಎಂದೂ ಆಗಿಲ್ಲ. ಹುಡುಗರ ಹಾಲಿನ ಪುಡಿ ಠರಾವೂ ಸುಳ್ಳು, ನಿನ್ನ ಸಹೀನೂ ಸುಳ್ಳು. ನಿಮ್ಮ ಯಜಮಾನ್ರು ಸರಕಾರಿ ಡಾಕ್ಟರು. ಪೇಪರಿನ್ಯಾಗ ಬಂದ್ರ ಚಂದ ಕಾಣತೈತೇನು?" ಒಂದು ಹುಳುಕು ಕಾಳು ತೆಗೆದು ಅಂಗಳಕ್ಕೆ ಒಗೆದರು. "ಅದೂ ಅಲ್ದ, ಗಂಡ ಸತ್ತಾಕಿ. ಸಣ್ಣ ಹುಡುಗರು ಎದ್ದು ಆಕಿ ಮುಖಾನ ನೋಡ್ಬೇಕೇನವಾ ದಿನಾ?"

ಒಳಗಿನಿಂದ ಒಬ್ಬ ಹುಡುಗಿ ಅವಲಕ್ಕಿ ಚೂಡಾದ ತಾಟು ತಂದಿಟ್ಟಳು. "ಈಕಿ ನಮ್ಮ ತಮ್ಮನ ಮಗಳು, ಮ್ಯಾಟ್ರಿಕ್ ಆಗ್ಯಾಳ. ಬಂಕಾಪುರಕ್ಕ ಈಕಿನ್ನ ಹಾಕೋಣು," ಎಂದರು.

ಚೂಡಾ ಬಹಳ ರುಚಿಯಾಗಿದೆ ಎಂದು ಹೇಳಿ ಎದ್ದು ಬಂದೆ.

ಶಿಕ್ಷಕಿ ಮಾಮಲೇದಾರ ಕಚೇರಿಗೂ ಹೋಗಿದ್ದಳು. ಅದು ಸ್ವತಂತ್ರ ಸಂಸ್ಥೆ, ನಮಗೆ ಅಧಿಕಾರವಿಲ್ಲ ಎಂದರಂತೆ. "ಹೆಂಗಸರ ರಾಜ್ಯ ಐತಿ ಅದು. ಅಲ್ಲಿ ನಮ್ಮ ಸಾಹೇಬ್ರೂ ಚಪ್ಪಲಿ ಬಿಟ್ಟ ಒಳಗ ಹೋಗ್ಬೇಕು," ಎಂದು ಅಲ್ಲಿಯವರು ನಕ್ಕರಂತೆ. ಉಳಿದದ್ದು ಬೆಂಗಳೂರಿನ ಮಂಡಳಿ. ಅಲ್ಲಿಗೆ ಇಂಗ್ಲಿಷಿನಲ್ಲಿ ಬರೆದರೆ ಓದುತ್ತಾರೆಂದು ಯಾರೋ ಹೇಳಿದ್ದರು. ಇಂಗ್ಲಿಷಿಗಾಗಿ ಅವಳು ಮತ್ತೆ ನನ್ನಲ್ಲಿಗೇ ಬಂದಳು.

ಬರೆದುಕೊಟ್ಟೆ. ಸಿಸ್ಟರುಗಳು ಕಲಿಸಿದ ದುಂಡನೆಯ ಅಕ್ಷರದ ಗುರುತು ಹತ್ತೀತೆಂದು ನಮ್ಮವರ ಟೈಪ್‌ರೈಟರಿನಲ್ಲಿ ಹೊಡೆದೆ. ಸಮಿತಿಯ ಸದಸ್ಯೆಯೊಬ್ಬರು ಆ ದಿನ ಬಾಲವಾಡಿಗೆ ಭೇಟಿ ಕೊಟ್ಟಿದ್ದರು ಎಂದು ಬರೆದೆ.

"ಮೂರರ ತನಕ ಇದ್ರಿ ಅಂತ ಹಾಕ್ರಿ ಬಾಯಾರ."

"ಇಂಗ್ಲಿಷಿನ್ಯಾಗ ಅಷ್ಟು ಸಣ್ಣ ಸಣ್ಣದು ಬರಿಯಂಗಿಲ್ಲವಾ," ಎಂದೆ.

ಅವಳು ನಂಬಿದಳು. ಕೆಳಗೆ ಕನ್ನಡದಲ್ಲಿ, ಶಾಯಿ ಇಳಿಯದ ಪೆನ್ನನ್ನು ಮೂರು ಸಲ ಜಾಡಿಸಿ, ಸಹಿ ಮಾಡಿದಳು.

ಅರ್ಜಿ ಬಂದರೆ ಮಂಡಳಿ ತಾನಾಗಿ ಏನನ್ನೂ ತೀರ್ಮಾನಿಸುತ್ತಿರಲಿಲ್ಲ. ಯಾರ ಮೇಲೆ ದೂರೋ ಆ ಸಮಿತಿಗೇ ಅಭಿಪ್ರಾಯ ಕೇಳಿ ಕಳಿಸುತ್ತಿತ್ತು, ಅದೇ ಪದ್ಧತಿ. ತಿಂಗಳ ಮೇಲೆ ಉದ್ದನೆಯ ಲಕೋಟೆಯಲ್ಲಿ ನನ್ನ ಕಾಗದ ನನ್ನ ಮನೆಗೇ ಬಂತು. "ಇಂಗ್ಲಿಷ್ ಐತ್ರಿ, ಉತ್ತರ ನೀವ ಬರೀಬೇಕಂತ ಅಕ್ಕಾರು ಹೇಳ್ಯಾರ," ಎಂದ ಕಾರಕೂನ.

ಅಡುಗೆ ಮುಗಿಸಿ ಕೂತೆ. ಆ ಅರ್ಜಿ ಎಲ್ಲಿ ಸಡಿಲವಿದೆ ಎಂದು ನನಗೆ ಹುಡುಕಬೇಕಾಗಿರಲಿಲ್ಲ. ಸಡಿಲ ಬಿಟ್ಟವಳು ನಾನೇ. ಸದಸ್ಯೆಯ ಭೇಟಿ ಬೆಳಗ್ಗೆಯೇ ಮುಗಿದಿತ್ತು, ಮಧ್ಯಾಹ್ನದ ಸಭೆಗೆ ಅವರು ಹಾಜರಿದ್ದರು, ಒಂದು ದಿನದ ಭೇಟಿ ಉಳಿದ ದಿನಗಳ ಹಾಜರಿಗೆ ಸಾಕ್ಷಿಯಾಗದು ಎಂದು ಬರೆದೆ. ಮೂರೇ ಪ್ಯಾರಾ, ಒಂದು ತಪ್ಪೂ ಇರಲಿಲ್ಲ. ಅಧ್ಯಕ್ಷರು ಓದಿಸಿ ಕೇಳಿ, "ಕಾನ್ವೆಂಟ್ ಅಂದ್ರ ಕಾನ್ವೆಂಟವಾ," ಎಂದರು.

ಮಂಡಳಿ ಸಮಿತಿಯ ತೀರ್ಮಾನವನ್ನು ಎತ್ತಿಹಿಡಿಯಿತು. ಹೊಸ ಹುಡುಗಿಯ ನೇಮಕದ ಠರಾವಿಗೂ ಅನುಮೋದನೆ ನನ್ನದೇ.

ಶಿಕ್ಷಕಿ ಕೊನೆಯ ಸಲ ಬಂದದ್ದು ಆದೇಶವನ್ನು ಓದಿಸಿಕೊಳ್ಳಲು. ಅಣ್ಣ ಆಗಲೇ ಹೊರಹಾಕಿದ್ದ. ಮಕ್ಕಳನ್ನು ಕರೆದುಕೊಂಡು ತಡಸಕ್ಕೆ ಹೊಲದ ಕೂಲಿಗೆ ಹೊರಟಿದ್ದಳು. ಓದಿ ಹೇಳಿದೆ. ಕಾಗದವನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು.

"ನೀವು ಬರದದ್ದು ಚಲೋನ ಇತ್ರಿ ಬಾಯಾರ," ಎಂದಳು. "ಸಮಿತಿಯವರು ಉತ್ತರಾ ಯಾರ ಕಡಿಂದ ಬರಸಿದ್ರೋ ಏನೋ. ಅದು ಇನ್ನೂ ಚಲೋ ಇದ್ದಿರಬೇಕು."

"ಇದ್ದಿರಬೇಕು," ಎಂದೆ.