ಕಂಬಿಯ ಕೆಳಗೆ ಒಂದು ಮಧ್ಯಾಹ್ನ

ನಾನು ಪುಕ್ಕಲಿ. ಹಾಗೆ ಹೇಳಿಕೊಳ್ಳಲು ಮಾತ್ರ ನನಗೆ ಭಯವಿಲ್ಲ. ಮಾಲುಗಳಲ್ಲಿ ಎಸ್ಕಲೇಟರ್ ಮುಂದೆ ನಿಂತು, ಹಿಂದಿನವರಿಗೆಲ್ಲ ದಾರಿ ಬಿಟ್ಟು, ಕೊನೆಗೆ ಮೆಟ್ಟಿಲು ಹುಡುಕಿಕೊಂಡು ಹೋಗುವವಳು ನಾನು. ಹೆಬ್ಬಾಳದ ಫ್ಲೈಓವರ್ ಮೇಲೆ ಸ್ಕೂಟರ್ ಓಡಿಸುವ ಧೈರ್ಯವಾಗದೆ, ಮತ್ತಿಕೆರೆಯ ಕಾಲೇಜಿಗೆ ಇಷ್ಟು ವರ್ಷವೂ ಬಸ್ಸಿನಲ್ಲೇ ಹೋಗಿ ಕನ್ನಡ ಪಾಠ ಹೇಳಿ ಬಂದಿದ್ದೇನೆ. ಇಂಥವಳಿಗೆ ಡಾಕ್ಟರು, "ಮೂಳೆ ಸವೀತಾ ಇದೆ ಮೇಡಂ. ಬರೀ ವಾಕಿಂಗ್ ಸಾಲಲ್ಲ, ಸ್ವಲ್ಪ ತೂಕ ಎತ್ತೋದು ಕಲೀರಿ. ಆದ್ರೆ ಗೊತ್ತಿರೋರನ್ನ ಕೇಳ್ಕೊಂಡು ಮಾಡಿ" ಎಂದರು. ಮೊದಲ ವಾಕ್ಯ ಕೇಳಿದ ಮೇಲೆ ಉಳಿದದ್ದು ನನ್ನ ಕಿವಿಗೆ ಅರ್ಧಂಬರ್ಧ ಬಿತ್ತು. ಅಂದು ಬಸ್ಸಿನಿಂದ ಇಳಿಯುವಾಗ ನನ್ನ ಸೊಂಟವನ್ನು ಗಾಜಿನ ಸಾಮಾನಿನ ಹಾಗೆ ಇಳಿಸಿಕೊಂಡೆ.

ಅಮೃತಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಕಾರುಗಳ ಪಕ್ಕಕ್ಕೆ, ಗಾಜಿನ ಬಾಗಿಲಿನ ಒಂದು ಪುಟ್ಟ ಜಿಮ್ ಇದೆ. ಬೆಳಿಗ್ಗೆ, ಸಂಜೆ ಅಲ್ಲಿ ಹುಡುಗರು ಕನ್ನಡಿಯ ಮುಂದೆ ತೋಳು ಉಬ್ಬಿಸುತ್ತಿರುತ್ತಾರೆ. ಅವರ ನಡುವೆ ಚೂಡಿದಾರ್ ತೊಟ್ಟು, ಕನ್ನಡಕ ಏರಿಸಿಕೊಂಡು ನಾನು ಹೇಗೆ ಹೋಗಲಿ? ನಕ್ಕರೆ? ಮೂಳೆ ಮುರಿಯುವ ಭಯಕ್ಕಿಂತ ನಗೆಪಾಟಲಾಗುವ ಭಯ ನನಗೆ ಒಂದು ಕೈ ಮೇಲೆ. ಹಾಗಾಗಿ ಎಲ್ಲರೂ ಆಫೀಸಿನಲ್ಲಿರುವ ಅಥವಾ ಊಟ ಮಾಡಿ ಮಲಗಿರುವ ಮಧ್ಯಾಹ್ನವನ್ನು ಆರಿಸಿಕೊಂಡೆ. ಗುರುವಿನ ಸ್ಥಾನದಲ್ಲಿ ಮೊಬೈಲಿನ ವ್ಯಾಯಾಮದ ವಿಡಿಯೋ ಇತ್ತು.

ನಮ್ಮ ಭಾಷೆಯಲ್ಲಿ ಸೋಮಾರಿಯನ್ನು ಮೈಗಳ್ಳ ಎನ್ನುತ್ತೇವಲ್ಲ, ಆ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ. ಮೈಯನ್ನು ಕೆಲಸದಿಂದ ಕದಿಯುವವನು. ನಾನು ಮೈಯನ್ನು ಕದ್ದದ್ದು ಕೆಲಸದಿಂದಲ್ಲ, ಜನರ ಕಣ್ಣಿನಿಂದ. ಹಳೆಯ ಗರಡಿಮನೆಗಳಲ್ಲಿ ಇದು ಸಾಧ್ಯವೇ ಇರಲಿಲ್ಲ. ಯಲಹಂಕದಲ್ಲಿ ನಾನು ಚಿಕ್ಕವಳಿದ್ದಾಗ ಕಿಟಕಿಯಿಂದ ಇಣುಕುತ್ತಿದ್ದ ಗರಡಿಯಲ್ಲಿ ಒಬ್ಬ ಸಾಮು ಮಾಡುತ್ತಿದ್ದರೆ ನಾಲ್ವರು ನೋಡುತ್ತಾ, ಬೈಯುತ್ತಾ ನಿಂತಿರುತ್ತಿದ್ದರು. ಆಗ ಅದು ನನಗೆ ದೊಡ್ಡ ಅವಮಾನದಂತೆ ಕಾಣುತ್ತಿತ್ತು.

ಆ ಮಧ್ಯಾಹ್ನ ಬೆಂಚಿನ ಮೇಲೆ ಅಂಗಾತ ಮಲಗಿ ಕಬ್ಬಿಣದ ಕಂಬಿ ಎತ್ತುವ ಯೋಜನೆ. ಯಾರಾದರೂ ಬಂದುಬಿಟ್ಟರೆ ಎಂಬ ಅವಸರದಲ್ಲಿ ಕೈಕಾಲು ಸಡಿಲ ಮಾಡಿಕೊಳ್ಳುವುದನ್ನು ಬಿಟ್ಟೆ. ಹಿಂದಿನ ವಾರ ಬರೀ ಕಂಬಿ ಎತ್ತಿದ್ದವಳು ಎರಡೂ ತುದಿಗೆ ಒಂದೊಂದು ಪ್ಲೇಟು ಏರಿಸಿದೆ. ಅವು ಜಾರಿ ಕಾಲ ಮೇಲೆ ಬಿದ್ದಾವೆಂಬ ಮುನ್ನೆಚ್ಚರಿಕೆಯಿಂದ ಕ್ಲಿಪ್ಪನ್ನೂ ಬಿಗಿದೆ. ಮಲಗಿದೆ. ಇಳಿಸಿದೆ. ಎತ್ತಿದೆ. ಪರವಾಗಿಲ್ಲವಲ್ಲ ಎಂದುಕೊಂಡು ಮತ್ತೆ ಇಳಿಸಿದೆ. ಈ ಸಲ ಅದು ಮೇಲೆ ಹೋಗಲಿಲ್ಲ.

ಅರ್ಧಕ್ಕೆ ಬಂದು, ತೋಳು ಗಡಗಡ ನಡುಗಿ, ಕಂಬಿ ಮೆಲ್ಲಗೆ ನನ್ನ ಎದೆಯ ಮೇಲೆ ಕೂತಿತು. ಉಸಿರು ಒಳಗೆ ಎಳೆದುಕೊಂಡರೆ ಭಾರ, ಬಿಟ್ಟರೆ ಇನ್ನಷ್ಟು ಭಾರ. ಕಂಬಿ ಕುತ್ತಿಗೆಯ ಕಡೆಗೆ ಕೂದಲೆಳೆಯಷ್ಟು ಉರುಳಿದಾಗ ನನಗೆ ನಿಜಕ್ಕೂ ಸಾವಿನ ಭಯ ಬಂತು. ಪಕ್ಕೆಲುಬು ಮುರಿಯುತ್ತದೆ, ಕೈ ಸೋತರೆ ಗಂಟಲ ಮೇಲೇ ಬೀಳುತ್ತದೆ. ಕೂಗೋಣವೆಂದರೆ ಬಂದದ್ದು ಬೆಕ್ಕಿನ ಮರಿಯ ದನಿ. ಮೊಬೈಲಿನಲ್ಲಿ ಯಾರೋ ನಗುತ್ತಾ "ಇನ್ನೊಂದು, ಇನ್ನೊಂದು" ಎನ್ನುತ್ತಲೇ ಇದ್ದರು.

ಆಗ ಗಾಜಿನಾಚೆ ನಾಗರತ್ನಮ್ಮ ಕಂಡರು. ಅಮೃತಹಳ್ಳಿಯ ಹಳೆಯ ಮನೆತನದವರು, ನಮ್ಮ ಕೆಳಗಿನ ಮಹಡಿಯಲ್ಲಿದ್ದಾರೆ. ಬಿಸಿಲಿಗೂ ಬೀದಿನಾಯಿಗಳಿಗೂ ಹೆದರಿ ಬೇಸ್‌ಮೆಂಟಿನಲ್ಲೇ ಸುತ್ತು ಹಾಕುತ್ತಾರೆ. ನಾನು ಕಾಲು ಬಡಿದೆ. ಅವರು ನೋಡದೆ ಹೋದರು. ಇನ್ನೊಂದು ಸುತ್ತು ಬರುವವರೆಗೆ ನಾನಿರುತ್ತೇನೆಯೇ? ತೋಳಿನ ನಡುಕ ಹಲ್ಲಿಗೆ ಬಂದಿತ್ತು. ಅವರು ಮತ್ತೆ ಕಂಡಾಗ ಕಾಲಿನ ಚಪ್ಪಲಿಯನ್ನು ಗಾಜಿನ ಕಡೆ ಒದ್ದೆ.

ಬಾಗಿಲು ತೆರೆಯಿತು. "ಏನ್ ಮೇಡಂ, ಇಂಗೆ ಮಲಗ್ಬುಟ್ಟಿದೀರ?" ಎಂದವರು ನನ್ನ ಮುಖ ನೋಡಿ, "ಅಯ್ಯೋ ಸಿವನೇ!" ಎಂದು ಓಡಿಬಂದು ಕಂಬಿ ಹಿಡಿದರು. "ನಂಗೆ ಒಬ್ಳಿಗೇ ಆಗಾಕಿಲ್ಲ. ನೀವೂ ನೂಕಿ. ಉಸ್ರು ಕಟ್ಬೇಡಿ, ನೂಕಿ!" ಇಬ್ಬರೂ ಸೇರಿ ನೂಕಿದೆವು. ಕಂಬಿ ಅದರ ಕೊಕ್ಕೆಗೆ ಸಿಕ್ಕಿಕೊಂಡ ಸದ್ದು ಕೇಳಿದ ಮೇಲೆ ನಾನು ಎದ್ದು ಕೂತು ಅತ್ತೆ. ನಾಗರತ್ನಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ನನಗೆ ಗಾಳಿ ಬೀಸಿದರು.

ಮೂಳೆ ಮುರಿದಿರಲಿಲ್ಲ. ಎದೆಯ ಮೇಲೆ ಅಡ್ಡಕ್ಕೆ ನೀಲಿಗಟ್ಟಿತ್ತು. ಡಾಕ್ಟರು ಚೆನ್ನಾಗಿ ಬೈದರು. "ಒಬ್ರೇ ಮಲಗಿ ರಾಡ್ ಎತ್ತೋರು ಕ್ಲಿಪ್ ಹಾಕ್ತಾರೇನ್ರೀ? ಹಾಕ್ದೇ ಇದ್ದಿದ್ರೆ ಓರೆ ಮಾಡಿದ ತಕ್ಷಣ ಪ್ಲೇಟ್ ಜಾರಿ ಬಿದ್ದು ಬಚಾವಾಗ್ತಿದ್ರಿ. ಅದೂ ಬೇಡ, ಪಕ್ಕದಲ್ಲಿ ಒಬ್ರು ಇದ್ದಿದ್ರೆ ಸಾಕಿತ್ತು." ಹೆದರಿ ಹಾಕಿದ ಕ್ಲಿಪ್ಪೇ ನನ್ನನ್ನು ಹಿಡಿದು ಹಾಕಿತ್ತು.

ಆಮೇಲೆ ನಾನು ಬೇಸ್‌ಮೆಂಟಿಗೆ ಇಳಿಯಲೇ ಇಲ್ಲ. ಅಕ್ಕಿ ಡಬ್ಬ ಎತ್ತಲೂ ಹೆದರಿಕೆ. ರಾತ್ರಿ ಮಗ್ಗುಲು ಬದಲಿಸಿದಾಗ ಹೊದಿಕೆಯ ಭಾರಕ್ಕೂ ಬೆಚ್ಚುತ್ತಿದ್ದೆ. ಒಂದು ಬೆಳಿಗ್ಗೆ ಬೆಲ್ ಆಯಿತು. ನಾಗರತ್ನಮ್ಮ.

"ಬನ್ನಿ ಮೇಡಂ, ಓಗಣ."

"ನನಗೆ ಭಯ ರೀ."

"ನಂಗೇನ್ ಕಮ್ಮಿ ಭಯಾನಾ? ಆವತ್ತಿಂದ ಆ ಗಾಜಿನ್ ಬಾಗ್ಲು ಬಂದ್ರೆ ಒಳಗ್ ಯಾರ್ ಬಿದ್ದವ್ರೋ ಅಂತ ಎದೆ ಡವಡವ ಅಂತದೆ. ವಾಕಿಂಗೂ ನಿಂತೋಯ್ತು. ನೀವ್ ಬಂದ್ರೆ ನಂದೂ ನಡೀತದೆ."

ಹೋದೆವು. ಮೊದಲು ಅವರೊಂದಿಗೆ ನಿಧಾನವಾಗಿ ಸುತ್ತು ಹಾಕಿ ಮೈ ಬಿಸಿ ಮಾಡಿಕೊಂಡೆ. ಒಳಗೆ ಇಬ್ಬರು ಹುಡುಗರಿದ್ದರು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಪ್ಲೇಟಿಲ್ಲದ ಬರೀ ಕಂಬಿಯ ಕೆಳಗೆ ಮಲಗಿದೆ. ನಾಗರತ್ನಮ್ಮ ನನ್ನ ತಲೆಯ ಹಿಂದೆ ನಿಂತು ಕಂಬಿಯ ಅಡಿಗೆ ಕೈ ಚಾಚಿದರು. ಎತ್ತುವ ಮುನ್ನ ಮೇಲೆ ನೋಡಿದರೆ ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಣಮಣ ಏನೋ ಜಪಿಸುತ್ತಿದ್ದಾರೆ!

"ರೀ, ಕಣ್ಣು ಬಿಡ್ರೀ!"

"ಆಗಾಕಿಲ್ಲ ಮೇಡಂ, ನೋಡಕ್ಕೇ ಭಯ ಆಯ್ತದೆ. ಕೈ ಇಕ್ಕಿದೀನಲ್ಲ, ಸುಮ್ಕೆ ಎತ್ತಿ."

ಕಂಬಿಗೆ ಬೆರಳಷ್ಟು ಕೆಳಗೆ ಅವರ ಎರಡೂ ಅಂಗೈ ತೆರೆದುಕೊಂಡು ನಿಂತಿದ್ದವು. ನಡುಗುತ್ತಿದ್ದವು, ನಿಜ. ಧೈರ್ಯಸ್ಥರು ಸಿಗಲಿ ಎಂದು ಕಾದಿದ್ದರೆ ನಾನು ಇನ್ನೂ ಮನೆಯಲ್ಲೇ ಇರುತ್ತಿದ್ದೆ. ಉಸಿರು ಬಿಡುತ್ತಾ ಎತ್ತಿದೆ.