ಬ್ಲಾಗಿನ ಕೆಳಗಿದ್ದ ನಂಬರು

ಕಲಘಟಗಿಯಲ್ಲಿ ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದ ಅಕ್ಕ ಗೆಜ್ಜೆ ಬಿಚ್ಚಿಟ್ಟವಳೇ ಬ್ಲಾಗ್ ಬರೆಯುತ್ತಿದ್ದಳು: ಯಾವ ಹುಡುಗಿ ಇವತ್ತು ನಾಚಿಕೆ ಬಿಟ್ಟಳು, ಯಾರ ಹೆಜ್ಜೆ ತಾಳಕ್ಕೆ ಕೂಡಿತು. ಕ್ಲಾಸಿನಲ್ಲಿ ತನ್ನ ಫೋನಿನಿಂದಲೇ ಹಾಡು ಹಾಕುತ್ತಿದ್ದಳು; ನಡುವೆ ಕರೆ ಬಂದರೆ ಹಾಡು ನಿಲ್ಲುತ್ತಿತ್ತು. ಹಾಗಾಗಿ ಬ್ಲಾಗಿನ ಕೆಳಗೆ ನನ್ನ ನಂಬರು ಕೊಟ್ಟಿದ್ದಳು. ಓದಿದವರು ಮಕ್ಕಳನ್ನು ಕ್ಲಾಸಿಗೆ ಸೇರಿಸಲು ಫೋನ್ ಮಾಡುತ್ತಿದ್ದರು. ಗೆಳೆಯರು "ಏನಲೇ, ಡ್ಯಾನ್ಸ್ ಮಾಸ್ತರ" ಎಂದು ಕಾಡುತ್ತಿದ್ದರಿಂದ ನಾನು "ರಾಂಗ್ ನಂಬರ್ ರೀ" ಎಂದು ಇಟ್ಟುಬಿಡುತ್ತಿದ್ದೆ.

ಸಂಜೆ ಅಕ್ಕ ಕೇಳುತ್ತಿದ್ದಳು, "ಯಾರರ ಫೋನ್ ಮಾಡಿದ್ರೇನೋ ತಮ್ಮಾ?"

"ಯಾರೂ ಇಲ್ಲ ಬೇ ಅಕ್ಕಾ."

"ಹಂಗಾರ ನಾ ಇನ್ನೂ ಚೊಲೊ ಬರೀಬೇಕು," ಎಂದು ಜಡೆ ಹಿಂದಕ್ಕೆಸೆದು ಮತ್ತೆ ಬರೆಯಲು ಕೂರುತ್ತಿದ್ದಳು.

ಹೊಸ ಮಕ್ಕಳು ಬರದೆ ಕ್ಲಾಸು ಮುಚ್ಚಿತು. ಬ್ಲಾಗು ಹಾಗೇ ಉಳಿಯಿತು. ಮೊನ್ನೆ ಹತ್ತಿರದ ತಂಬೂರು ಎಂಬ ಹಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದರು: "ಡ್ಯಾನ್ಸ್ ಕ್ಲಾಸೇನ್ರಿ? ಭಾಳ ಚೊಲೊ ಬರದಾರ್ರಿ."

"ಹೌದ್ರಿ," ಎಂದೆ. "ಅಕ್ಕಗ ಹೇಳ್ತೀನ್ರಿ."

ಇನ್ನೂ ಹೇಳಲಾಗಿಲ್ಲ.